ಕೊರಳಲ್ಲಿ ಮಾಳ, ಬಾಯಲ್ಲಿ ನಿಕೊಟಿನ್

ಸೋಲಾಪುರ
೨೨ ಜುಲೈ ೨೦೨೪

ಭೀಮಶಾ,

‘ಬಿಟ್ಟುದರ ಭಾರ ಬಿಟ್ಟಲ್ಲೇ ಉಳಿಯಿತು’ ಎಂಬ ಸಾಲೊಂದು ಬೆಳಗಿನಿಂದ ತಲೆಯಲ್ಲಿ ತಿರುಗುತ್ತಿದೆ. ಯಾರದು, ಎಲ್ಲಿ ಓದಿದ್ದು, ನೆನಪಾಗುತ್ತಿಲ್ಲ. ಇದರ ಮುಂದೆ ಇನ್ನೊಂದು ಸಾಲು ಇತ್ತು, ಅದು ಪೂರ್ತಿ ಹೋಗಿದೆ. ಎಂ.ಎ. ಓದುವಾಗ ಇಂಥವನ್ನೆಲ್ಲ ವಹಿಯಲ್ಲಿ ಬರೆದಿಟ್ಟು ನಂಬಿಬಿಡುತ್ತಿದ್ದೆ. ಈಗ ಅನುಮಾನ ಬರುತ್ತದೆ. ಭಾರ ನಿಜಕ್ಕೂ ಬಿಟ್ಟ ಜಾಗದಲ್ಲಿ ಉಳಿಯುವುದಾದರೆ, ಏಕಾದಶಿಯ ದಿನ ವಿಠೋಬನ ಗುಡಿಯಲ್ಲಿ ತುಳಸಿ ಮಾಳ ಹಾಕಿಸಿಕೊಂಡು ಎದ್ದ ನೀನು ಅಷ್ಟು ಬಾಗಿ ಯಾಕೆ ನಡೆದೆ?

ಮಾಳದ ಹಟ ಹಿಡಿದವಳು ನಾನು. ಮೇ ತಿಂಗಳಲ್ಲಿ ನಿನ್ನ ಎದೆ ಹಿಡಿದು, ಇಲ್ಲಿಗೆ ತಂದು ಸ್ಟೆಂಟ್ ಹಾಕಿಸಿ, ಹದಿನೈದು ದಿನ ಆಗಿರಲಿಲ್ಲ, ನಮ್ಮ ಮನೆಯ ಮಾಳಿಗೆ ಮೇಲೆ ನೀರಿನ ಟಾಕಿಯ ಹಿಂದೆ ಬೀಡಿಯ ತುಂಡುಗಳು ಸಿಕ್ಕವು. ಬೀಡಿ ಬಿಡದಿದ್ದರೆ ಎರಡನೇ ಸಲ ಇಲ್ಲಿಗೆ ತರುವಷ್ಟು ಹೊತ್ತು ಸಿಗುತ್ತದೆಂದು ನಂಬಬೇಡಿ ಎಂದು ಡಾಕ್ಟರರು ಹೇಳಿದಾಗ ನೀನೂ ಅಲ್ಲೇ ಇದ್ದೆ. ಇಪ್ಪತ್ತೇಳು ವರ್ಷದ ಬೀಡಿ ಡಾಕ್ಟರರ ಮಾತಿಗೆ ಹೋಗುವುದಿಲ್ಲ, ದೇವರ ಮುಂದೆ ಹತ್ತು ಮಂದಿಯ ಎದುರು ಕೊಟ್ಟ ಮಾತಿಗಾದರೂ ಹೋದೀತು ಎಂದು ನನಗೆ ಅನಿಸಿತು. ಮಾಳ ಹಾಕಿಕೊಂಡವರು ತಂಬಾಕು ಮುಟ್ಟಬಾರದೆಂದಿದ್ದರೂ ಎಲೆ ಅಡಿಕೆಯೊಳಗೆ ಮಡಚುವವರನ್ನು ನಾನೂ ನೋಡಿದ್ದೇನೆ. ನೀನು ಅಂಥವನಲ್ಲ. ಅದು ಗೊತ್ತಿದ್ದೇ ಹಾಕಿಸಿದೆ.

ಫೋನು ಬಿಟ್ಟು ಕಾಗದ ಬರೆಯೆಂದು ನೀನಂದೆ, ಬರೆದಿದ್ದೇನೆ. ನೀನು ಹೇಳಿದ್ದೂ ಖರೆ. ಮೊಬೈಲು ಮನೆಮಂದಿಯ ಕೈಯಲ್ಲೆಲ್ಲ ತಿರುಗುತ್ತದೆ. ನಿನ್ನ ಹೆಂಡತಿ ಗುರಮ್ಮ ಕಲಿತದ್ದು ಮರಾಠಿ ಸಾಲೆಯ ನಾಲ್ಕನೇ ಇಯತ್ತೆ. ನಿನ್ನ ಮಗಳು ಮನೀಷಾ ನನ್ನ ಹತ್ತಿರವೇ ಇದ್ದು ಫಾರ್ಮಸಿ ಓದುತ್ತಾಳೆ, ನನ್ನ ಜೊತೆ ದಿನವಿಡೀ ಕನ್ನಡ ಮಾತಾಡುತ್ತಾಳೆ, ಆದರೆ ಈ ಅಕ್ಷರ ಅವಳಿಗೆ ಅಂಗಳದ ರಂಗೋಲಿ. ಎರಡೂ ಮನೆಯಲ್ಲಿ ಕನ್ನಡ ಓದುವವರು ನಾವಿಬ್ಬರೇ ಉಳಿದಿದ್ದೇವೆ. ಏನಿದ್ದರೂ ಮುಚ್ಚಿಡದೆ ಬರೆ.

ನಿನ್ನ ಅಕ್ಕ
ಉಜ್ವಲಾ


ಅಕ್ಕಲಕೋಟೆ
೪ ಆಗಸ್ಟ್ ೨೦೨೪

ಅಕ್ಕನಿಗೆ ಭೀಮಶಾನ ನಮಸ್ಕಾರ.

ಸಾಲು ಯಾರದೋ ನನಗೂ ಗೊತ್ತಿಲ್ಲ. ಬೀಡಿ ಬಿಟ್ಟ ಮೇಲೆ ಕೈ ಖಾಲಿ ಆಗಿದೆ, ಅಷ್ಟು ಗೊತ್ತು. ಹೊಲದಲ್ಲಿ ಆಳುಗಳ ಜೊತೆ ಬದುವಿನ ಮೇಲೆ ಕುಳಿತರೆ ಈ ಕೈ ಎಲ್ಲಿ ಇಡಬೇಕು ತಿಳಿಯುವುದಿಲ್ಲ. ಹುಲ್ಲುಕಡ್ಡಿ ಹರಿಯುತ್ತಾ ಕುಳಿತಿರುತ್ತೇನೆ.

ಒಂದು ಮಾತು ಕೇಳುವುದಿದೆ. ಜುಲೈ ಇಪ್ಪತ್ತೈದಕ್ಕೆ ತಪಾಸಣೆಗೆ ಬಂದಾಗ ಡಾಕ್ಟರರು ನಿಕೊಟಿನ್ ಚಿಂಗಮ್ ಬರೆದುಕೊಟ್ಟರು. ಬೀಡಿಯ ತಲಬು ಬಂದಾಗ ಒಂದು ಬಾಯಲ್ಲಿ ಹಾಕಿಕೊಳ್ಳುವುದು, ಮೂರು ತಿಂಗಳಲ್ಲಿ ಅದನ್ನೂ ಕಡಿಮೆ ಮಾಡುತ್ತಾ ಬಿಡುವುದು. ಮನೀಷಾ ಜೊತೆಗಿದ್ದಳು. ಹೇಗೆ ತಿನ್ನಬೇಕೆಂದು ಅವರು ಹೇಳುವಾಗ ನನ್ನ ಲಕ್ಷ್ಯ ಎಸ್‌ಟಿ ಬಸ್ಸು ತಪ್ಪಿಹೋಗುತ್ತದೆಂಬ ಕಡೆಗಿತ್ತು. ಮನೆಗೆ ಬಂದು ಒಂದೇ ಮಧ್ಯಾಹ್ನ ಐದು ತಿಂದೆ, ಪುಟಾಣಿ ತಿಂದ ಹಾಗೆ. ನಡುವೆ ಎರಡು ಸಲ ಚಹಾ. ನೆರೆಮನೆಯ ಕಾಮಣ್ಣ ತನ್ನ ಹಿಟ್ಟಿನ ಗಿರಣಿ ನಿಲ್ಲಿಸಿ ನೋಡಲಿಕ್ಕೆ ಬಂದಿದ್ದ. ರಸ ಖಾರ ಹತ್ತುತ್ತದೆ, ಉಗುಳಲೇನು ಎಂದರೆ, ‘ಔಷಧ ಯಾರರ ಉಗುಳ್ತಾರೇನೋ? ನುಂಗು’ ಅಂದ. ನುಂಗಿದೆ. ಬಿಕ್ಕು ಹಿಡಿಯಿತು, ಎದೆ ಗಿರಣಿಯ ಬೆಲ್ಟಿನ ಹಾಗೆ ಬಡಿದುಕೊಂಡಿತು. ಗುರಮ್ಮ ಮಾತ್ರ ತನ್ನ ಚೇಷ್ಟೆ ಬಿಡಲಿಲ್ಲ. ‘ಎಮ್ಮಿ ಮೆಲಕ ಹಾಕಿದಂಗ ಹಾಕಾಕತ್ತೀರಿ, ಹಾಲರ ಕೊಡ್ರಿ’ ಅಂದಳು. ಆಮೇಲೆ ತಾನೇ ಹೆದರಿ ನನ್ನ ಬೆನ್ನು ತಿಕ್ಕುತ್ತಾ ಕುಳಿತಳು.

ಮರುದಿನ ಮನೀಷಾ ಫೋನಿನಲ್ಲಿ ಬೈದು ರೀತಿ ತಿಳಿಸಿದಳು. ಎರಡು ಸಲ ಕಚ್ಚಿ ಗಲ್ಲದಲ್ಲಿ ಇಟ್ಟುಕೊಳ್ಳಬೇಕಂತೆ, ಚುರುಚುರು ನಿಂತರೆ ಮತ್ತೆ ಕಚ್ಚಬೇಕಂತೆ, ರಸ ನುಂಗಬಾರದಂತೆ, ಚಹಾದ ಹಿಂದೆ ಮುಂದೆ ತಿನ್ನಬಾರದಂತೆ. ಹಾಗೆ ಮಾಡಿದೆ. ಖರೆ ಹೇಳಬೇಕೆಂದರೆ, ಅಕ್ಕ, ಒಂದು ವಾರ ಪಾಡಾಗಿತ್ತು, ಹಗುರ ಅನಿಸಿತ್ತು. ಬೀಡಿ ನೆನಪಾಗುತ್ತಿತ್ತು, ಬೇಕು ಅನಿಸುತ್ತಿರಲಿಲ್ಲ.

ಆದರೆ ಭಜನೆಯ ಮಂದಿಯಲ್ಲಿ ಯಾರೋ ಪಾಕೀಟು ಓದಿದರು. ನಿಕೊಟಿನ್ ಅಂದರೆ ತಂಬಾಕಿನ ಸತ್ವ, ಮಾಳ ಹಾಕಿಕೊಂಡು ತಂಬಾಕು ತಿನ್ನುತ್ತಿ ಅಂದರು. ಗುರುವಾರ ನನ್ನ ಕೈಗೆ ತಾಳ ಕೊಡಲಿಲ್ಲ. ಸುಮ್ಮನೆ ಕಂಬಕ್ಕೆ ಆತು ಕುಳಿತು ಎದ್ದು ಬಂದೆ.

ಮನೀಷಾಳನ್ನು ಕೇಳಿದರೆ ‘ಕಾಹೀ ಹೋತ್ ನಾಹೀ, ಪಪ್ಪಾ’, ಏನೂ ಆಗುವುದಿಲ್ಲ ಅಂತಾಳೆ. ಅವಳು ಹುಡುಗಿ, ಮಾಳದ ಮಾತು ಅವಳಿಗೇನು ಗೊತ್ತು. ನೀನು ಓದಿದವಳು, ಎರಡೂ ತಿಳಿದವಳು. ಇದು ಮಾತು ಮುರಿದ ಹಾಗಾಗುತ್ತದೆಯೋ ಇಲ್ಲವೋ ಹೇಳು. ನೀನು ತಿನ್ನು ಅಂದರೆ ತಿನ್ನುತ್ತೇನೆ, ಯಾರು ಏನೇ ಅನ್ನಲಿ. ಬೇಡ ಅಂದರೆ ಇವತ್ತೇ ಬಿಟ್ಟೆ.

ನಿನ್ನ ತಮ್ಮ
ಭೀಮಶಾ


ಸೋಲಾಪುರ
೧೦ ಆಗಸ್ಟ್ ೨೦೨೪

ಭೀಮಶಾ,

ನಿನ್ನ ಕಾಗದ ಮೂರು ಸಲ ಓದಿದೆ. ಎದೆ ಬಡಿದುಕೊಂಡಿತು ಎಂಬಲ್ಲಿಗೆ ಬಂದಾಗಲೆಲ್ಲ ಕಾಗದ ಮಡಚಿ ಕೆಳಗಿಟ್ಟೆ. ಸ್ಟೆಂಟ್ ಹಾಕಿದ ಎದೆ ಅದು.

ಊಟಕ್ಕೆ ಕುಳಿತಾಗ ಮನೀಷಾಳನ್ನು ಬೇರೆ ಯಾರದೋ ಮಾತೆಂಬಂತೆ ಕೇಳಿದೆ. ‘ಆತ್ಯಾ, ಕೊಲ್ಲೂದು ಹೊಗಿ. ನಿಕೊಟಿನ್ ಚಟಾ ಹಿಡಸ್ತದ, ಅಷ್ಟ’ ಅಂದು ರೊಟ್ಟಿ ಮುರಿಯುತ್ತಾ ಏನೇನೋ ಹೇಳಿದಳು. ಎರಡನೇ ವರ್ಷದ ಪಾಠ, ಬಾಯಿಪಾಠವಾಗಿ ಬರುತ್ತದೆ. ರಾತ್ರಿ ನಾನೂ ಮೊಬೈಲಿನಲ್ಲಿ ಹುಡುಕಿದೆ. ನಿಕೊಟಿನ್ ಎದೆಬಡಿತ ಹೆಚ್ಚಿಸುತ್ತದೆ ಎಂದು ಮೊದಲ ಸಾಲಿನಲ್ಲೇ ಇತ್ತು. ಅದರಾಚೆ ಓದುವ ಧೈರ್ಯ ಆಗಲಿಲ್ಲ.

ಭಜನೆಯವರ ಮಾತಿಗೆ ನಾನು ಬೆಲೆ ಕೊಡುತ್ತಿಲ್ಲ. ಆದರೆ ನನ್ನ ಮನಸ್ಸಿಗೂ ಒಪ್ಪುವುದಿಲ್ಲ. ತಂಬಾಕು ಬಿಟ್ಟೆ ಎಂದು ಹೇಳಿ ತಂಬಾಕಿನ ಸತ್ವವನ್ನು ಗಲ್ಲದಲ್ಲಿ ಇಟ್ಟುಕೊಂಡರೆ ಬಿಟ್ಟದ್ದು ಏನು? ಕೊಟ್ಟ ಮಾತಿಗೆ ಹಿತ್ತಲ ಬಾಗಿಲು ಇರಬಾರದು. ಇದ್ದರೆ ಒಂದು ದಿನ ಬೀಡಿಯೂ ಅಲ್ಲಿಂದಲೇ ಒಳಗೆ ಬರುತ್ತದೆ.

ಬೇಡ. ಬಿಡು. ಏಲಕ್ಕಿ, ಲವಂಗ, ಬಡೇಸೋಪು ಇಟ್ಟುಕೋ. ಹದಿನೈದು ದಿನ ಕಷ್ಟ, ಆಮೇಲೆ ಹಗುರ.

ಮನೀಷಾಗೆ ಹೇಳಬೇಡ. ಚಿಂಗಮ್ ತಾನೇ ಹೋಗಿ ಆರಿಸಿ ತರುತ್ತಾಳೆ, ಪುದೀನದ್ದು ಪಪ್ಪಾಗೆ ಸೇರುತ್ತದೆ ಅನ್ನುತ್ತಾಳೆ. ಮನಸ್ಸು ನೋಯಿಸುವುದು ಯಾಕೆ. ಕಳಿಸಿದ್ದನ್ನು ಇಸಿದುಕೊಂಡು ಸುಮ್ಮನೆ ತೆಗೆದಿಡು.

ಉಜ್ವಲಾ


ಅಕ್ಕಲಕೋಟೆ
೨೯ ಆಗಸ್ಟ್ ೨೦೨೪

ಅಕ್ಕ,

ಬಿಟ್ಟೆ. ನಿನ್ನ ಕಾಗದ ಬಂದ ದಿನವೇ ಬಿಟ್ಟೆ.

ಭಜನೆಯಲ್ಲಿ ತಾಳ ಕೊಟ್ಟಿದ್ದಾರೆ. ಅಭಂಗದ ನಡುವೆ ಎರಡು ಸಲ ತಪ್ಪಿತು. ನಿದ್ದೆ ಇಲ್ಲ. ಮೊನ್ನೆ ತೊಗರಿಯಲ್ಲಿ ಎಡೆ ಹೊಡೆಯುವ ಆಳು ಒಂದು ಮಾತಿಗೆ ಎದುರು ಮಾತಾಡಿದ, ಅವನ ಮೇಲೆ ಕೈ ಎತ್ತಿದೆ. ಜನ್ಮದಲ್ಲಿ ಹಾಗೆ ಮಾಡಿದವನಲ್ಲ. ಗುರಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಮನೀಷಾ ಶನಿವಾರಕ್ಕೊಮ್ಮೆ ಫೋನು ಮಾಡಿ ದಿನಕ್ಕೆ ಎಷ್ಟು ತಿನ್ನುತ್ತಿ ಪಪ್ಪಾ ಎಂದು ಕೇಳುತ್ತಾಳೆ. ಎಂಟು, ಏಳು ಎಂದು ಬಾಯಿಗೆ ಬಂದದ್ದು ಹೇಳುತ್ತೇನೆ. ಕಡಿಮೆ ಆಗುತ್ತಾ ಬಂತು ಎಂದು ಖುಷಿಪಡುತ್ತಾಳೆ. ಪಾಕೀಟುಗಳನ್ನು ಬೀಜದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಹದಿನೈದು ದಿನ ಅಂದಿದ್ದೆ. ಇವತ್ತಿಗೆ ಹದಿನೈದು ಆಯಿತು.

ಭೀಮಶಾ


ಸೋಲಾಪುರ
೨೦ ಸೆಪ್ಟೆಂಬರ್ ೨೦೨೪

ಭೀಮಶಾ,

ಗಣಪತಿ ಕಳಿಸುವ ದಿನ ಬಂದು ಹೋದೆಯಲ್ಲ, ಅಂದಿನಿಂದ ಬರೆಯಬೇಕೆಂದು ಕುಳಿತು ಕುಳಿತು ಏಳುತ್ತಿದ್ದೇನೆ.

ನೀನು ಕಿಟಕಿಯ ಹತ್ತಿರದ ಖುರ್ಚಿ ಬಿಟ್ಟು ಏಳಲಿಲ್ಲ. ಬಾಯಿ ತುಂಬ ಏಲಕ್ಕಿ ಇತ್ತು. ಮನೀಷಾ ಪಕ್ಕದಲ್ಲಿ ಬಂದು ಕುಳಿತಾಗ ಸ್ವಲ್ಪ ಸರಿದು ಕುಳಿತೆ. ಊಟ ಆದ ಕೂಡಲೇ ಕೆಳಗೆ ಹೋಗಿ ಬರುತ್ತೇನೆ ಎಂದು ಹೋದವನು ಅರ್ಧ ತಾಸು ಬರಲಿಲ್ಲ. ಬಂದಾಗ ಮುಖ ತೊಳೆದಿತ್ತು. ಚಾಟಿಗಲ್ಲಿಯ ಅಂಗಡಿಯಿಂದ ನಮ್ಮ ಮನೆಯವರು, ನಿಮ್ಮ ಮಾಮಾ, ಬರುವವರೆಗೂ ನಿಲ್ಲು ಎಂದರೂ ನಿಲ್ಲದೆ ನಾಲ್ಕರ ಎಸ್‌ಟಿ ಹಿಡಿದೆ.

ನಾನು ಏನೂ ಕೇಳುತ್ತಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತಿ ಎಂದು ಹೆದರಿಕೆ.

ಗುಳಿಗೆ ಬಿಡಬೇಡ. ಅಕ್ಟೋಬರಿನಲ್ಲಿ ತಪಾಸಣೆ ಇದೆ.

ಅಕ್ಕ


ಅಕ್ಕಲಕೋಟೆ
೬ ಅಕ್ಟೋಬರ್ ೨೦೨೪

ಅಕ್ಕನಿಗೆ,

ಎಲ್ಲಾ ಆರಾಮ ಇದೆ. ತಪಾಸಣೆಗೆ ಈ ತಿಂಗಳು ಬರುವುದು ಆಗಲಿಕ್ಕಿಲ್ಲ, ಉದ್ದಿನ ರಾಶಿ ಇದೆ. ಮನೀಷಾಗೆ ನೀನೇ ಹೇಳು.

ಇಲ್ಲಿ ನನ್ನ ಪರಿಚಯದವನೊಬ್ಬ ಇದ್ದಾನೆ. ಅವನೂ ಮಾಳ ಹಾಕಿದವನು. ತಲಬು ತಡೆಯಲಾಗದಿದ್ದರೆ ಮಾಳ ತೆಗೆದು ಒಳಗಿನ ಗೂಟಕ್ಕೆ ಹಾಕುತ್ತಾನೆ. ಹೊರಗೆ ಹೋಗಿ ಒಂದು ಬೀಡಿ ಸೇದಿ, ಬಾಯಿ ತೊಳೆದು, ಕಾಲು ತೊಳೆದು, ಬಂದು ಮತ್ತೆ ಹಾಕಿಕೊಳ್ಳುತ್ತಾನೆ. ಕೊರಳಲ್ಲಿ ಮಾಳ ಇದ್ದಾಗ ಒಂದು ಸಲವೂ ಸೇದಿಲ್ಲ. ಮೊದಲು ದಿನಕ್ಕೆ ಒಂದು ಸಲ ತೆಗೆಯುತ್ತಿದ್ದ. ಈಗ ಹತ್ತು ಸಲ, ಹನ್ನೆರಡು ಸಲ. ಗೂಟ ಸವೆದಿದೆ ಎಂದು ನಗುತ್ತಾನೆ.

ಇಂಥವನನ್ನು ಮಾಳದವ ಎನ್ನಬೇಕೋ ಮಾಳ ಬಿಟ್ಟವ ಎನ್ನಬೇಕೋ? ಇದನ್ನು ನೀನು ನನಗೆ ತಿಳಿಸಬೇಕು. ಅವನಿಗೆ ಹೇಳುವುದಿದೆ.

ಭೀಮಶಾ


ಸೋಲಾಪುರ
೨೪ ಅಕ್ಟೋಬರ್ ೨೦೨೪

ಭೀಮಶಾ,

ಈ ಕಾಗದ ಬರೆದದ್ದು ಹನ್ನೊಂದನೇ ತಾರೀಖಿಗೆ. ಹದಿಮೂರು ದಿನ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಇವತ್ತು ಮತ್ತೆ ನಕಲು ಮಾಡಿ ಹಾಕುತ್ತಿದ್ದೇನೆ. ದೀಪಾವಳಿಯ ಭಾವುಬೀಜಕ್ಕೆ ನೀನು ಬಂದಾಗ ಆರತಿ ಮಾಡಿ, ಎದುರಿಗೆ ಕೂರಿಸಿಕೊಂಡು ಹೇಳೋಣವೆಂದಿದ್ದೆ. ಅದೊಂದು ನೆಪ. ತಪ್ಪು ನನ್ನದು ಎಂದು ಬರೆಯಲು ಕೈ ಬರಲಿಲ್ಲ.

ಒಂಬತ್ತನೇ ತಾರೀಖಿಗೆ ನಿಮ್ಮ ಮಾಮಾನ ಬಿಪಿ ತೋರಿಸಲು ಅದೇ ಡಾಕ್ಟರರ ಹತ್ತಿರ ಹೋಗಿದ್ದೆವು. ನಿನ್ನ ಮಾತು ತೆಗೆದೆ. ಚಿಂಗಮ್ ನಾನೇ ಬಿಡಿಸಿದೆ ಎಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪಾಠ ಹೇಳಿದ ಹಾಗೆ ಹೇಳಿದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ. ನಿಕೊಟಿನ್ ಬೇಕು ಬೇಕು ಅನಿಸುತ್ತದೆ, ಅದು ಚಟದ ಬೇರು. ಆದರೆ ರಕ್ತನಾಳ ಕೆಡಿಸಿ ಎದೆ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಬೀಡಿಯ ಹೊಗೆಯದು. ಚಿಂಗಮ್ಮಿನಲ್ಲಿ ಹೊಗೆ ಇಲ್ಲ. ಇರುವ ನಿಕೊಟಿನ್ ಸ್ವಲ್ಪ, ಅದೂ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ನಿರಪಾಯ ಎಂದು ಅವರು ಹೇಳಲಿಲ್ಲ. ಎದೆಯ ರೋಗಿಗೆ ನೋಡಿ ಕೊಡಬೇಕು, ಅಟ್ಯಾಕ್ ಆದ ಕೂಡಲೇ ಕೊಡುವುದಿಲ್ಲ, ಅದಕ್ಕೇ ಎರಡು ತಿಂಗಳು ಕಾದು, ಇಸಿಜಿ ನೋಡಿ ಬರೆದೆ ಅಂದರು. ಅಂದು ನಿನ್ನ ಎದೆ ಬಡಿದುಕೊಂಡದ್ದು ಐದು ಒಟ್ಟಿಗೆ ಅಗಿದು ರಸ ನುಂಗಿದ್ದಕ್ಕೆ. ಕೊನೆಗೆ ಒಂದು ಕೇಳಿದರು: ‘ಅಕ್ಕಾರ, ಅದು ಬಿಡಿಸಿದ ಮ್ಯಾಲೆ ಅವರು ಏನ್ ಮಾಡಾಕತ್ತಾರ?’

ನನಗೆ ಗೊತ್ತಿಲ್ಲ ಎಂದೆ. ನಿನ್ನ ಪರಿಚಯದವನ ಮಾತಿದ್ದ ಕಾಗದ ಆಗ ನನ್ನ ಚೀಲದಲ್ಲೇ ಇತ್ತು.

ನಾನು ಕಾವ್ಯ ಓದಿದವಳು, ಭೀಮಶಾ. ಒಂದು ಶಬ್ದ ಕಂಡರೆ ಅದರ ನೆರಳಿನ ಹಿಂದೆ ಹೋಗುವ ಅಭ್ಯಾಸ. ಪಾಕೀಟಿನ ಮೇಲಿನ ಹೆಸರು ಕಂಡು ಹೆದರಿದೆ. ಅದು ಎಷ್ಟು, ಹೇಗೆ, ಯಾವುದರ ಬದಲು ಎಂದು ಕೇಳಲಿಲ್ಲ. ಕೇಳಲು ಮನೆಯಲ್ಲೇ ಹುಡುಗಿ ಇದ್ದಳು, ಹೇಳಿದ್ದಳು ಕೂಡ.

ನಿನ್ನ ಪರಿಚಯದವನಿಗೆ ಹೇಳು: ಅವನು ಮಾಳ ತೆಗೆದಿಡುವುದು ಬೇಡ. ಕೊರಳಲ್ಲೇ ಇರಲಿ, ಚಿಂಗಮ್ ಬಾಯಲ್ಲಿ ಇರಲಿ. ಎರಡೂ ಕೂಡಿ ಇರಬಹುದು. ಭಜನೆಯವರು ಕೇಳಿದರೆ ಅಕ್ಕ ಹೇಳಿದ್ದಾಳೆ ಅನ್ನಲಿ. ಆ ಪಾಪವೋ ಪುಣ್ಯವೋ ನನ್ನ ತಲೆಯ ಮೇಲೆ.

ಡಬ್ಬಿ ತೆಗೆ. ಇವತ್ತೇ ತೆಗೆ. ಮೊದಲು ತಪಾಸಣೆಗೆ ಬಾ, ರಾಶಿ ಹಾಳಾಗಿ ಹೋಗಲಿ.

ನಿನ್ನ ಅಕ್ಕ
ಉಜ್ವಲಾ


ಸೋಲಾಪುರ
೩೦ ನವೆಂಬರ್ ೨೦೨೪

ಮನೀಷಾ,

ನೀನು ಆಚೆ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಿ. ನಡುವೆ ಒಂದು ಗೋಡೆ. ಈ ಅಕ್ಷರ ನಿನಗೆ ಬರುವುದಿಲ್ಲ ಎಂದು ಗೊತ್ತಿದ್ದೇ ಈ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಬರೆದರೆ ನಾಳೆಯೇ ಓದುತ್ತಿ. ಇದನ್ನು ಹೇಡಿತನ ಅನ್ನು, ನಾನು ಇಲ್ಲ ಅನ್ನುವುದಿಲ್ಲ. ಎಂದಾದರೂ ನೀನು ಕಲಿತರೆ, ಅಥವಾ ಯಾರಿಂದಲಾದರೂ ಓದಿಸಿದರೆ, ಅಂದು ನಾನು ಬದುಕಿದ್ದರೆ, ನನ್ನ ಎದುರು ಬಂದು ನಿಲ್ಲು. ಕಪಾಟಿನ ಕೆಳಗಿನ ಖಾನೆಯಲ್ಲಿ ನಿನ್ನ ಪಪ್ಪಾನ ಕಾಗದಗಳ ಜೊತೆ ಇಟ್ಟಿರುತ್ತೇನೆ.

ನಿನ್ನ ಪಪ್ಪಾ ಹೋದದ್ದು ಅಕ್ಟೋಬರ್ ಇಪ್ಪತ್ತಾರು, ಶನಿವಾರ ಬೆಳಗ್ಗೆ. ಗಿರಣಿಯ ಹಿಂದಿನ ಕಟ್ಟೆಯ ಮೇಲೆ ಬಿದ್ದು ಸಿಕ್ಕ. ಗಾಡಿ ಸೋಲಾಪುರದ ಆಸ್ಪತ್ರೆ ಮುಟ್ಟಲಿಲ್ಲ. ಅಂದು ಸಂಜೆ ಎಂದಿನ ಹಾಗೆ ಫೋನು ಮಾಡಿ ಎಷ್ಟು ತಿನ್ನುತ್ತಿ ಎಂದು ಕೇಳುವವಳಿದ್ದಿ.

ನಾನು ಇಪ್ಪತ್ತನಾಲ್ಕಕ್ಕೆ ಹಾಕಿದ ಕಾಗದ ಸೋಮವಾರ ಮುಟ್ಟಿತಂತೆ. ನಿಮ್ಮವ್ವ ಅದನ್ನು ಒಡೆಯದೆ ಕುಂಕುಮದ ಡಬ್ಬಿಯ ಕೆಳಗೆ ಇಟ್ಟಿದ್ದಳು. ‘ನಿಮ್ಮ ಅಕ್ಷರ ಅಂತ ಗೊತ್ತಾತ್ರಿ ಅಕ್ಕಾರ. ಅವರಽ ಒಡೀಬೇಕಿತ್ತು’ ಎಂದು ನನ್ನ ಕೈಗೆ ಕೊಟ್ಟಳು. ನಾನೇ ಬರೆದದ್ದನ್ನು ನಾನೇ ಇಸಿದುಕೊಂಡೆ.

ಸೂತಕದ ದಿನಗಳು ನಡೆಯುತ್ತಿದ್ದಾಗ ಬೀಜದ ಡಬ್ಬಿ ತೆಗೆದವಳು ನೀನು. ಆಗಸ್ಟಿನಿಂದ ನೀನು ಕಳಿಸಿದ ಅಷ್ಟೂ ಪಾಕೀಟು, ಒಂದರ ಸೀಲೂ ಒಡೆದಿರಲಿಲ್ಲ. ನೀನು ಅಳಲಿಲ್ಲ. ಅವನ್ನು ಮಡಿಲಲ್ಲಿ ಹಾಕಿಕೊಂಡು ಮನೆಗೆ ಬಂದವರನ್ನೆಲ್ಲ ಕೇಳುತ್ತಾ ಹೋದಿ: ಯಾಕ ತಿನ್ನಲಿಲ್ಲ? ನಾ ಹೇಳಿದ್ದು ತಿಳೀಲಿಲ್ಲೇನು? ನಾ ತಪ್ಪು ಹೇಳಿದ್ನೇನು? ಕೊನೆಗೆ ನನ್ನ ಹತ್ತಿರ ಬಂದಿ. ‘ಆತ್ಯಾ, ನಿನಗ ಎಲ್ಲಾ ಬರೀತಿದ್ದ. ಇದನ್ನೂ ಬರದಿರಬೇಕಲ್ಲ?’

ಇಲ್ಲ, ಈ ಮಾತು ಬರೆದಿರಲಿಲ್ಲ ಎಂದೆ.

ಅಂದಿನಿಂದ ನೀನು ಮಾತು ಕಡಿಮೆ ಮಾಡಿದ್ದಿ. ಮೊನ್ನೆ ನಿನ್ನ ವಹಿಯ ಹಿಂದಿನ ಹಾಳೆಯಲ್ಲಿ ಮರಾಠಿಯಲ್ಲಿ ಬರೆದುಕೊಂಡದ್ದು ಕಣ್ಣಿಗೆ ಬಿತ್ತು. ಪಪ್ಪಾಗೆ ಸರಿಯಾಗಿ ಸಮಜಾಯಿಸಲು ಬರಲಿಲ್ಲ, ಫಾರ್ಮಸಿ ಬಿಡಬೇಕು ಎಂದಿತ್ತು. ಅದನ್ನು ಓದಿ ಬಂದು ಇದನ್ನು ಬರೆಯಲು ಕುಳಿತಿದ್ದೇನೆ. ನೀನು ಹೇಳಿದ್ದು ಸರಿಯಾಗಿತ್ತು, ಮಗಾ. ಒಂದು ವಾರ ಅವನಿಗೆ ಪಾಡಾಗಿತ್ತು ಕೂಡ. ಅವನೇ ಬರೆದಿದ್ದಾನೆ, ಕಾಗದ ಇದೆ. ಬಿಡಿಸಿದವಳು ನಾನು. ನಿನಗೆ ಹೇಳಬೇಡ ಎಂದವಳೂ ನಾನೇ.

ಇಷ್ಟನ್ನು ಎದ್ದು ಆಚೆ ಕೋಣೆಗೆ ಬಂದು ಹೇಳಲು ಹತ್ತು ಹೆಜ್ಜೆ ಸಾಕು. ಬೆಳಗಿನಿಂದ ಮೂರು ಸಲ ಎದ್ದಿದ್ದೇನೆ. ಒಂದು ಸಲ ನಿನ್ನ ಬಾಗಿಲವರೆಗೂ ಬಂದು ಚಹಾ ಬೇಕೇನು ಎಂದು ಕೇಳಿ ತಿರುಗಿದೆ.

ನಿನ್ನ ಆತ್ಯಾ
ಉಜ್ವಲಾ

ತಾ.ಕ.: ಅಕ್ಕಲಕೋಟೆಯಿಂದ ನಾವು ಹೊರಟ ದಿನ ನೀನು ಮುಂದೆ ಹೋಗಿ ಗಾಡಿಯಲ್ಲಿ ಕುಳಿತಿದ್ದಿ. ನಾನು ಚಪ್ಪಲಿ ಹುಡುಕುತ್ತಿದ್ದೆ. ನೆರೆಮನೆಯ ಕಾಮಣ್ಣ ಬಾಗಿಲಿಗೆ ಬಂದ, ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ಸಮಾಧಾನ ಮಾಡಬೇಕೆಂದೇ ಗಿರಣಿ ನಿಲ್ಲಿಸಿ ಬಂದಿದ್ದ. ‘ಅಳಬ್ಯಾಡ ತಂಗಿ’ ಅಂದ. ‘ಬೀಡಿ ಸೇದ್ದ, ಖರೆ. ನನ್ನ ಗಿರಣಿ ಹಿಂದಽ ಕುಂತು ಸೇದ್ದ. ಇದರಕಿಂತ ಆ ಚಿಂಗಮ್ಮರ ತಿನ್ನೋ ಅಂತ ನಾನೂ ಹೇಳ್ದೆ. ಒಂದರೆ ಬಾಯಾಗ ಹಾಕ್ಕೊಳ್ಳಲಿಲ್ಲ ನೋಡು. ಅಕ್ಕ ಬ್ಯಾಡಂದಾಳ ಅಂದ. ಕಡೀತನಕಾ ನಿನ್ನ ಮಾತು ಮೀರಲಿಲ್ಲ ಅವ.’